ದೊಡ್ಡಬೆಟ್ಟದಲ್ಲಿ ತಲೆನೋವು: ಎತ್ತರವೇ ಕಾರಣವೆ?

ಅರಿಶಿನದ ಕೆಲಸ ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ ಗುಂಡ್ಲುಪೇಟೆ ಸೀಮೆಯ ಮನೆಗಳಲ್ಲಿ ಊಟಿಯ ಮಾತು ಏಳುತ್ತದೆ. ಬಂಡೀಪುರದ ಕಾಡು ದಾಟಿದರೆ ತಮಿಳುನಾಡು, ಅಲ್ಲಿಂದ ಘಾಟಿ ಹತ್ತಿದರೆ ಊಟಿ, ಊಟಿಯಿಂದ ಮತ್ತೂ ಮೇಲಕ್ಕೆ ದೊಡ್ಡಬೆಟ್ಟ. ಭೀಮನಬೀಡಿನಲ್ಲಿ ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ನೀಲಗಿರಿಯ ತುದಿಯಲ್ಲಿ ನಿಂತಿರಬಹುದು. ಇಷ್ಟು ಹತ್ತಿರದ ಪ್ರವಾಸಕ್ಕೆ ಸ್ವೆಟರು, ಟೋಪಿ, ಬುತ್ತಿ ಎಲ್ಲ ಸಿದ್ಧವಾಗುತ್ತವೆ. ಮೈಗೆ ಏನಾಗಬಹುದು ಎಂಬ ಯೋಚನೆ ಮಾತ್ರ ದಾರಿಯಲ್ಲಿ ಮೊದಲ ವಾಂತಿಯಾದಾಗಲೇ ಬರುವುದು.

ಆಗ ಸಿಗುವ ಉತ್ತರವೂ ಒಂದೇ: "ಎತ್ತರಕ್ಕೆ ಬಂದಿದ್ದೀವಲ್ಲ, ಅದಕ್ಕೇ." ಮಗುವಿಗೆ ವಾಕರಿಕೆ ಬಂದರೂ ಎತ್ತರ, ಅಜ್ಜಿಗೆ ಏದುಸಿರು ಬಂದರೂ ಎತ್ತರ, ರಾತ್ರಿ ಮಲಗಿ ಎದ್ದವರಿಗೆಲ್ಲ ತಲೆ ಸಿಡಿದರೂ ಎತ್ತರ. ಇವುಗಳಲ್ಲಿ ಮೊದಲನೆಯದು ಬಹುಪಾಲು ನಿರುಪದ್ರವಿ. ಎರಡನೆಯದು ಹೃದಯದ ತೊಂದರೆಯಾಗಿರಬಹುದು. ಮೂರನೆಯದು ಇಡೀ ಕುಟುಂಬವನ್ನೇ ಮುಗಿಸಬಲ್ಲ ವಿಷಾನಿಲದ ಕೆಲಸವಾಗಿರಬಹುದು. ಆದ್ದರಿಂದ ಎತ್ತರವು ನಿಜವಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಂಡೇ ಹೊರಡುವುದು ಒಳ್ಳೆಯದು.

ಗಾಳಿ ಎಷ್ಟು ತೆಳು?

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್. ಊಟಿ ಸುಮಾರು 2,240 ಮೀಟರ್. ದೊಡ್ಡಬೆಟ್ಟ 2,637 ಮೀಟರ್. ನೀಲಗಿರಿಯಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ ಅದು ಸುಮಾರು ಏಳುನೂರು ಮೀಟರ್ ಮೇಲಿದೆ. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಬಡಗರ ನುಡಿ ನಮ್ಮ ನುಡಿಗೆ ಅಷ್ಟು ಹತ್ತಿರದ್ದು.

ಎತ್ತರ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಪಾಲು ಕಡಿಮೆಯಾಗುವುದಿಲ್ಲ. ಭೀಮನಬೀಡಿನಲ್ಲೂ ಹಿಮಾಲಯದಲ್ಲೂ ಗಾಳಿಯ ನೂರು ಭಾಗದಲ್ಲಿ ಸುಮಾರು 21 ಭಾಗ ಆಮ್ಲಜನಕವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಹತ್ತಿಯ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಡಿಯ ಮೂಟೆ ಅಮುಕಿಕೊಂಡು ಗಟ್ಟಿಯಾಗುತ್ತದೆ, ಮೇಲಿನದು ಸಡಿಲವಾಗಿಯೇ ಉಳಿಯುತ್ತದೆ. ಗಾಳಿಯೂ ಹಾಗೆಯೇ. ಬೆಟ್ಟದ ಮೇಲಿನ ಗಾಳಿ ಸಡಿಲವಾಗಿರುವುದರಿಂದ ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕ ಕಡಿಮೆ. ಲೆಕ್ಕ ಹಾಕಿದರೆ ದೊಡ್ಡಬೆಟ್ಟದ ಒಂದು ಉಸಿರಿನಲ್ಲಿ ಗುಂಡ್ಲುಪೇಟೆಯ ಉಸಿರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಆಮ್ಲಜನಕ ಕಡಿಮೆಯಿರುತ್ತದೆ.

ಆರೋಗ್ಯವಂತ ದೇಹ ಇದನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ಉಸಿರು ಸ್ವಲ್ಪ ಆಳವಾಗುತ್ತದೆ, ನಾಡಿ ಸ್ವಲ್ಪ ಚುರುಕಾಗುತ್ತದೆ. ಕುಳಿತಿರುವವರಿಗೆ ಅದು ಗೊತ್ತೂ ಆಗುವುದಿಲ್ಲ. ವಾಹನದಿಂದಿಳಿದು ವೀಕ್ಷಣಾ ಗೋಪುರದ ಕಡೆಗೆ ಏರು ನಡೆಯುವಾಗ ಊರಿಗಿಂತ ಬೇಗ ಏದುಸಿರು ಬರುತ್ತದೆ, ಕುಳಿತರೆ ಮೂರು ನಾಲ್ಕು ನಿಮಿಷದಲ್ಲಿ ಇಳಿಯುತ್ತದೆ. ಇಷ್ಟು ಸಹಜ.

ಇನ್ನು ಪರ್ವತ ಕಾಯಿಲೆ ಎಂಬುದೊಂದಿದೆ. ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ತಲೆಸುತ್ತು ಅದರ ಲಕ್ಷಣಗಳು. ಇದು ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ, ಅಲ್ಲಿಗೆ ಹೋಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಮುಖ್ಯವಾಗಿ ಅಲ್ಲೇ ರಾತ್ರಿ ಮಲಗಿದವರಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡಬೆಟ್ಟ ಈ ಗೆರೆಯನ್ನು ದಾಟುವುದೇನೋ ನಿಜ. ಆದರೆ ಅಲ್ಲಿ ನೀವು ಇರುವುದು ಒಂದು ಗಂಟೆ. ಮಲಗುವುದು ಕೆಳಗೆ ಊಟಿಯಲ್ಲಿ. ಹೀಗಾಗಿ ಈ ಪ್ರವಾಸದಲ್ಲಿ ನಿಜವಾದ ಪರ್ವತ ಕಾಯಿಲೆ ಬಹಳ ಅಪರೂಪ. ಊಟಿಯಲ್ಲಿ ಯಾರಿಗಾದರೂ ತಲೆನೋವು ಬಂದರೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು.

ಮೂವತ್ತಾರು ತಿರುವು

ಮೊದಲ ಕಾರಣ ದಾರಿಯಲ್ಲೇ ಇದೆ. ತೆಪ್ಪಕಾಡಿನಿಂದ ಮಸಿನಗುಡಿಯ ಮೇಲೆ ಕಲ್ಲಟ್ಟಿ ಘಾಟಿ ಹತ್ತುವ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಗೂಡಲೂರಿನ ಮೇಲಿನ ರಸ್ತೆ ಸುತ್ತು, ಆದರೆ ಏರು ನಿಧಾನ. ವಾಂತಿಯಾಗುವ ಮಕ್ಕಳಿರುವ ಕುಟುಂಬಕ್ಕೆ ಆ ಸುತ್ತೇ ಲಾಭ.

ವಾಹನದಲ್ಲಿ ವಾಕರಿಕೆ ಬರುವುದು ಹೊಟ್ಟೆಯ ದೋಷವಲ್ಲ, ಒಳಕಿವಿಯದು. ದೇಹ ಯಾವ ಕಡೆ ತಿರುಗಿತು ಎಂಬುದನ್ನು ಒಳಕಿವಿಯ ದ್ರವ ಮಿದುಳಿಗೆ ತಿಳಿಸುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲು ನೋಡುತ್ತಿರುವ ಹುಡುಗನ ಕಣ್ಣು "ನಾನು ಕದಲಿಲ್ಲ" ಎನ್ನುತ್ತದೆ, ಒಳಕಿವಿ "ಗಿರ್ರನೆ ತಿರುಗಿದೆ" ಎನ್ನುತ್ತದೆ. ಈ ಎರಡು ಸುದ್ದಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಚಾಲಕನಿಗೆ ಹೀಗಾಗುವುದು ಅಪರೂಪ. ಮುಂದಿನ ತಿರುವು ಅವನ ಕಣ್ಣಿಗೆ ಮೊದಲೇ ಬಿದ್ದಿರುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು. ಅರೆತಲೆನೋವಿನ ಹೆಂಗಸರಿಗೂ ಹೆಚ್ಚು.

ಹಾಗಾದರೆ ಉಪಾಯವೇನು? ದೊಡ್ಡ ಮಕ್ಕಳನ್ನು ಮುಂದಿನ ಗಾಜಿನಿಂದ ರಸ್ತೆ ಕಾಣುವಂತೆ ಕೂರಿಸಿ. ಮೊಬೈಲು, ಪುಸ್ತಕ ಚೀಲದಲ್ಲಿರಲಿ. ಖಾಲಿ ಹೊಟ್ಟೆಯೂ ಕೂಡದು, ಎಣ್ಣೆ ಜಿನುಗುವ ಪೂರಿಯೂ ಕೂಡದು. ಎರಡು ಇಡ್ಲಿ ಸಾಕು. ಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳುವುದರಿಂದ ಕೆಲವರಿಗೆ ಉಪಶಮನ ಸಿಗುತ್ತದೆ. ಅವೊಮಿನ್‌ನಂಥ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊರಗೇ ಬರುತ್ತದೆ. ಘಾಟಿ ಹತ್ತುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಈ ಮಾತ್ರೆಗಳು ನಿದ್ದೆ ತರಿಸುತ್ತವೆ, ಆದ್ದರಿಂದ ಚಾಲಕ ಅದನ್ನು ಮುಟ್ಟಲೇಬಾರದು. ಎರಡು ವರ್ಷದೊಳಗಿನ ಮಗುವಿಗೆ ಕೊಡಬಾರದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಅಥವಾ ಗ್ಲಾಕೋಮಾ ಇರುವ ಹಿರಿಯರು ವೈದ್ಯರನ್ನು ಕೇಳದೆ ನುಂಗಬಾರದು.

ಕೆಳಗಿಳಿದು ಗಾಳಿಯಲ್ಲಿ ಅಡ್ಡಾಡಿದರೆ ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಈ ವಾಕರಿಕೆ ಹೋಗಿಬಿಡುತ್ತದೆ. ರಾತ್ರಿಯವರೆಗೂ ಉಳಿಯುವ ವಾಂತಿಗೆ ಘಾಟಿಯನ್ನು ದೂರಬೇಡಿ.

ದಾರಿಯ ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ. ಅಲ್ಲಿಂದ ಮುಂದೆಯೂ ಶೌಚಾಲಯ ಎಲ್ಲಿ ಸಿಗುತ್ತದೋ ಎಂಬ ಅಳುಕು. ಹೀಗಾಗಿ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮಧ್ಯಾಹ್ನದ ತಲೆನೋವಿಗೂ ಎರಡು ದಿನದ ನಂತರದ ಉರಿಮೂತ್ರಕ್ಕೂ ಇದೇ ಮೂಲವಾಗಬಹುದು. ರಕ್ತದೊತ್ತಡದ ಹಿರಿಯರು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅವತ್ತೊಂದು ದಿನ ಬಿಟ್ಟುಬಿಡುತ್ತಾರೆ. ಹೃದಯ ದುರ್ಬಲವಾಗಿರುವವರಿಗೆ ಇದು ಅಪಾಯ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಗುಂಡ್ಲುಪೇಟೆಯಲ್ಲಿ ಒಮ್ಮೆ, ಕಾಡು ದಾಟಿದ ಮೇಲೆ ಒಮ್ಮೆ ಎಂದು ನಿಲ್ಲುವ ಜಾಗವನ್ನು ಹೊರಡುವ ಮೊದಲೇ ಮನೆಯ ಹೆಂಗಸರಿಗೆ ತಿಳಿಸಿದರೆ ಅವರು ನೀರು ಕುಡಿಯುತ್ತಾರೆ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗೆ ನಿಷೇಧವಿದೆ. ಸ್ಟೀಲು ಬಾಟಲಿಯಲ್ಲಿ ಮನೆಯ ನೀರನ್ನೇ ಒಯ್ಯಿರಿ.

ಅಜ್ಜಿಯ ಏದುಸಿರು

ಮಕ್ಕಳ ವಾಂತಿಗೆ ಎಲ್ಲರೂ ಗಾಬರಿಯಾಗುತ್ತಾರೆ. ಅಜ್ಜಿ ಮೂಲೆಯ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕುಳಿತುಬಿಟ್ಟರೆ ಯಾರೂ ಗಮನಿಸುವುದಿಲ್ಲ. "ಅವ್ವನಿಗೆ ಎತ್ತರ ಒಗ್ಗಲಿಲ್ಲ" ಎಂದು ಹೇಳಿ ಫೋಟೋ ತೆಗೆಯಲು ಹೋಗುತ್ತಾರೆ. ಈ ಲೇಖನದಲ್ಲಿ ಎರಡೇ ಸಂಗತಿಗಳನ್ನು ನೆನಪಿಟ್ಟುಕೊಳ್ಳುವುದಾದರೆ ಇದು ಮೊದಲನೆಯದಾಗಲಿ: ದೊಡ್ಡಬೆಟ್ಟದ ಎತ್ತರವೊಂದೇ, ಹೃದಯ ಮತ್ತು ಶ್ವಾಸಕೋಶ ಸರಿಯಿರುವ ವ್ಯಕ್ತಿಗೆ, ಕುಳಿತಲ್ಲಿ ಏದುಸಿರು ತರುವುದಿಲ್ಲ.

ಕುಳಿತು ಐದು ಹತ್ತು ನಿಮಿಷವಾದರೂ ಉಸಿರು ಇಳಿಯದಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಎದೆಯ ಮೇಲೆ ಭಾರ ಹೇರಿದಂತಾದರೆ, ತಣ್ಣನೆ ಬೆವರು ಬಂದರೆ, ತುಟಿ ನೀಲಿಗಟ್ಟಿದರೆ ಅದು ಆಸ್ಪತ್ರೆಯ ಕೆಲಸ. ಹೃದಯಾಘಾತವಾದಾಗ ಎಲ್ಲರಿಗೂ ಎದೆನೋವು ಬರುತ್ತದೆಂದು ತಿಳಿಯಬೇಡಿ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಬರೀ ಏದುಸಿರು, ವಾಂತಿ, ಇದ್ದಕ್ಕಿದ್ದಂತೆ ವಿಪರೀತ ಸುಸ್ತು ಇಷ್ಟೇ ಕಾಣಿಸಿಕೊಳ್ಳಬಹುದು. ಮೇಲೇರಿದ ದಣಿವು, ಚಳಿಗೆ ರಕ್ತನಾಳಗಳು ಕುಗ್ಗಿ ಏರುವ ರಕ್ತದೊತ್ತಡ, ಕಡಿಮೆ ಆಮ್ಲಜನಕ ಮೂರೂ ಒಟ್ಟಿಗೆ ಬಂದಾಗ ಊರಿನಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದ್ದ ಹೃದಯ ಇಲ್ಲಿ ಸೋಲಬಹುದು. ಗುಂಡ್ಲುಪೇಟೆಗೂ ದೊಡ್ಡಬೆಟ್ಟಕ್ಕೂ ಸುಮಾರು ಹನ್ನೆರಡು ಡಿಗ್ರಿ ಉಷ್ಣಾಂಶದ ವ್ಯತ್ಯಾಸವಿರುತ್ತದೆ.

ಆಗ ಮಾಡಬೇಕಾದ್ದೇನು? ರೋಗಿಯನ್ನು ನಡೆಸಬೇಡಿ. ಕೂರಿಸಿಯೇ, ಬೆಚ್ಚಗೆ ಹೊದಿಸಿ, ವಾಹನದಲ್ಲಿ ಊಟಿಗೆ ಇಳಿಸಿ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 108 ಅಲ್ಲಿಯೂ ನಡೆಯುತ್ತದೆ. "ಊರಿಗೇ ಹೋಗಿ ನಮ್ಮ ಡಾಕ್ಟರಿಗೆ ತೋರಿಸೋಣ" ಎಂದು ಎರಡು ಮೂರು ಗಂಟೆ ಘಾಟಿ, ಕಾಡು ಇಳಿಯುವುದು ತಪ್ಪು. ಹೃದಯಾಘಾತದಲ್ಲಿ ಕಳೆಯುವ ಒಂದೊಂದು ಗಂಟೆಗೂ ಸ್ನಾಯು ಸಾಯುತ್ತದೆ. ಹೃದಯಾಘಾತದ ಅನುಮಾನ ಬಲವಾಗಿದ್ದು, ಆಸ್ಪಿರಿನ್ ಅಲರ್ಜಿಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲದಿದ್ದರೆ, ನಿಮ್ಮ ವೈದ್ಯರನ್ನು ಫೋನಿನಲ್ಲಿ ಕೇಳಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು.

ಹೋಗಬಹುದೇ, ಬೇಡವೇ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಲು ಸುಲಭ ಪರೀಕ್ಷೆಯೊಂದಿದೆ. ಎರಡು ಮಹಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ, ಎದೆ ಹಿಡಿಯದೆ ಹತ್ತಬಲ್ಲ ಹಿರಿಯರು ಸಾಮಾನ್ಯವಾಗಿ ದೊಡ್ಡಬೆಟ್ಟ ನೋಡಿ ಬರಬಹುದು. ಇತ್ತೀಚೆಗೆ ಹೃದಯಾಘಾತವಾದವರು, ಕಾಲು ಊದಿಕೊಂಡು ಹೃದಯದ ದುರ್ಬಲತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಹಳೆಯ ದಮ್ಮಿನ ರೋಗಿಗಳು, ತುಂಬು ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಉಬ್ಬಸವಿರುವವರಿಗೆ ಎತ್ತರಕ್ಕಿಂತ ತಣ್ಣನೆಯ ಒಣಗಾಳಿಯೇ ಶತ್ರು. ಇನ್‌ಹೇಲರ್ ಸೂಟ್‌ಕೇಸಿನಲ್ಲಿ ಬೇಡ, ಜೇಬಿನಲ್ಲಿರಲಿ.

ಏದುಸಿರಿಗೆ ಮತ್ತೊಂದು ಕಾರಣ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿರುವಾಗ ಗಾಳಿಯಲ್ಲೂ ಕೊರತೆಯಾದರೆ ಸೊಸೆಗೆ ಅತ್ತೆಗಿಂತ ಮೊದಲು ಸುಸ್ತಾಗುತ್ತದೆ. ಚಾಮರಾಜನಗರ ಜಿಲ್ಲೆಯ ಸೋಲಿಗರೂ ಸೇರಿದಂತೆ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತರೋಗ ಕಾಣಿಸುತ್ತದೆ. ಇದರಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತವೆ. ಎತ್ತರ, ಚಳಿ, ನೀರಿನ ಕೊರತೆ ಮೂರೂ ಆ ನೋವನ್ನು ಕೆರಳಿಸುವಂಥವು. ಈ ರೋಗವಿರುವ ಮಕ್ಕಳನ್ನು ಶಾಲೆಯ ಪ್ರವಾಸಕ್ಕೆ ಕಳಿಸುವಾಗಲೂ ವೈದ್ಯರನ್ನು ಕೇಳಿಯೇ ಕಳಿಸಬೇಕು.

ಸಕ್ಕರೆ ಕಾಯಿಲೆಯವರ ವಿಷಯ ಚಿಕ್ಕದು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಊಟ ಮೂರು ಗಂಟೆಗೆ ಹೋದರೆ ಸಕ್ಕರೆ ಕುಸಿಯುತ್ತದೆ. ನಡುಕ, ಬೆವರು, ಮಂಕು ಕಂಡರೆ ಅದೂ ಎತ್ತರವಲ್ಲ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿರಲಿ.

ಕೊರೋನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ಕೆಲವರು ಅದನ್ನೂ ಬೆಟ್ಟಕ್ಕೆ ಒಯ್ಯುತ್ತಾರೆ. ಒಯ್ಯಲಿ. ಆದರೆ ಊರಿನಲ್ಲಿ 98 ತೋರಿಸುತ್ತಿದ್ದದ್ದು ದೊಡ್ಡಬೆಟ್ಟದಲ್ಲಿ 93 ತೋರಿಸಿದರೆ ಹೆದರಬೇಕಿಲ್ಲ, ಅಷ್ಟು ಇಳಿಯುವುದು ಸಹಜ. ಚಳಿಗೆ ಬೆರಳು ತಣ್ಣಗಾಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಯಂತ್ರ ತಪ್ಪು ಅಂಕಿ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮತ್ತೆ ನೋಡಬೇಕು. ಕುಳಿತು ಸುಧಾರಿಸಿಕೊಂಡ ಮೇಲೂ 90ಕ್ಕಿಂತ ಕೆಳಗೇ ನಿಂತರೆ ಇಳಿಯಿರಿ, ವೈದ್ಯರಿಗೆ ತೋರಿಸಿ. ಈ ಪುಟ್ಟ ಯಂತ್ರ ಒಂದು ಕಡೆ ಮಾತ್ರ ಘೋರವಾಗಿ ಮೋಸ ಮಾಡುತ್ತದೆ. ಅದನ್ನು ಈಗ ಹೇಳುತ್ತೇನೆ.

ರಾತ್ರಿ, ಮುಚ್ಚಿದ ಕೋಣೆಯಲ್ಲಿ

ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಮುಂದೆ ಊಟಿ ಬೆಳೆದದ್ದು ಬಯಲಿನ ಬಿಸಿಲಿಗೆ, ಜ್ವರಕ್ಕೆ ಬಳಲಿದ ಇಂಗ್ಲಿಷರ ಆರೋಗ್ಯಧಾಮವಾಗಿ. ಅವರ ಮನೆಗಳಲ್ಲಿ ಹೊಗೆ ಹೊರಗೆ ಹೋಗಲು ಚಿಮಣಿಗಳಿದ್ದವು. ಇಂದು ನಾವು ತಂಗುವ ಕೋಣೆಗಳಲ್ಲಿ ಬಹಳಷ್ಟಕ್ಕೆ ಚಿಮಣಿಯಿಲ್ಲ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿ. ಬಯಲುಸೀಮೆಯವರಿಗೆ ಅದನ್ನು ತಡೆಯಲಾಗದು. ಸಂಜೆ ಅಂಗಳದಲ್ಲಿ ಚಳಿ ಕಾಯಿಸಿಕೊಂಡ ಇದ್ದಿಲಿನ ಅಗ್ಗಿಷ್ಟಿಕೆಯನ್ನೋ, ಕೋಳಿ ಸುಟ್ಟ ಒಲೆಯನ್ನೋ ಮಲಗುವಾಗ ಕೋಣೆಯೊಳಗೆ ತಂದಿಟ್ಟುಕೊಂಡು, ಕಿಟಕಿಯ ಸಂದಿಗೆ ಟವೆಲು ತುರುಕಿ ಮಲಗುತ್ತಾರೆ. ಜ್ವಾಲೆ ಇಲ್ಲ, ಹೊಗೆ ಇಲ್ಲ, ಕೆಂಡ ಮಾತ್ರ ತಾನೇ ಎಂಬ ಧೈರ್ಯ.

ಇದು ನೆನಪಿಡಬೇಕಾದ ಎರಡನೆಯ ಸಂಗತಿ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ, ಆಮೇಲೆ ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಮಂಪರು. ನಿದ್ದೆಯಲ್ಲಿರುವವರು ಈ ಯಾವ ಎಚ್ಚರಿಕೆಯನ್ನೂ ಕಾಣದೆ ನೇರ ಪ್ರಜ್ಞಾಹೀನತೆಗೆ ಜಾರುತ್ತಾರೆ. ನೀಲಗಿರಿ, ಕೊಡೈಕನಾಲುಗಳಲ್ಲಿ ಹೀಗೆ ಮಲಗಿದವರು ಬೆಳಗ್ಗೆ ಏಳದ ಸುದ್ದಿಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ.

ಗಮನಿಸಿ: ತಲೆನೋವು, ವಾಕರಿಕೆ, ತಲೆಸುತ್ತು. ಘಾಟಿಯ ತಿರುವು ತರುವುದೂ ಇದನ್ನೇ, ಪರ್ವತ ಕಾಯಿಲೆ ತರುವುದೂ ಇದನ್ನೇ. ಆದ್ದರಿಂದಲೇ "ಎತ್ತರಕ್ಕೆ ಬಂದಿದ್ದೀವಲ್ಲ" ಎಂಬ ಮಾತು ಇಲ್ಲಿ ಜೀವಕ್ಕೇ ಎರವಾಗುವುದು. ಬೇರ್ಪಡಿಸಿ ತಿಳಿಯಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದೇ ಕೋಣೆಯಲ್ಲಿದ್ದ ಎಲ್ಲರಿಗೂ ಒಂದೇ ಸಮಯಕ್ಕೆ ಶುರುವಾಯಿತೆ? ಹೊರಗೆ ಬಂದು ನಿಂತರೆ ಕಡಿಮೆಯಾಗಿ, ಒಳಗೆ ಹೋದರೆ ಮತ್ತೆ ಏರುತ್ತದೆಯೆ? ಒಳಗೆ ಇದ್ದಿಲು, ಗ್ಯಾಸು, ಸೀಮೆಎಣ್ಣೆ ಏನಾದರೂ ಉರಿಯುತ್ತಿದೆಯೆ? ಇವುಗಳಲ್ಲಿ ಒಂದಕ್ಕೆ "ಹೌದು" ಎಂಬ ಉತ್ತರ ಬಂದರೂ ಮಿಕ್ಕ ಯೋಚನೆ ಆಮೇಲೆ. ಬಾಗಿಲು ಕಿಟಕಿ ತೆರೆದು, ಮಲಗಿರುವವರನ್ನೂ ಎತ್ತಿಕೊಂಡು ಎಲ್ಲರೂ ಹೊರಗೆ ಬನ್ನಿ. 108ಕ್ಕೆ ಕರೆ ಮಾಡಿ. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಈ ಅನಿಲವನ್ನು ರಕ್ತದಿಂದ ಬೇಗ ಬಿಡಿಸುವುದು ಶುದ್ಧ ಆಮ್ಲಜನಕವೇ. ಗರ್ಭಿಣಿಗೆ ಏನೂ ಆಗಿಲ್ಲವೆನಿಸಿದರೂ ಹೊಟ್ಟೆಯ ಮಗುವಿಗೆ ಹಾನಿಯಾಗಿರಬಹುದು.

ಯಂತ್ರದ ಮೋಸವೂ ಇಲ್ಲಿಯೇ. ಸಾಮಾನ್ಯ ಪಲ್ಸ್ ಆಕ್ಸಿಮೀಟರಿಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸಾಯುತ್ತಿರುವವನ ಬೆರಳಿಗೆ ಸಿಕ್ಕಿಸಿದರೂ ಅದು 98 ತೋರಿಸಬಹುದು.

ಮಲಗುವ ಕೋಣೆಗೆ ಕೆಂಡ ಬೇಡ, ಎಷ್ಟೇ ಬೂದಿ ಮುಚ್ಚಿದ್ದರೂ ಬೇಡ. ಇನ್ನೊಂದು ಕಂಬಳಿ ಕೇಳಿ ಪಡೆಯಿರಿ. ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇದ್ದು ಗಾಳಿಗೆ ಕಿಂಡಿಯಿಲ್ಲದಿದ್ದರೆ, ಮೊದಲು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಊರಿನ ಮನೆಗೂ ಇದೇ ಮಾತು. ಕೋಣೆ ಸಿಗಲಿಲ್ಲವೆಂದು ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ವಾಹನದಲ್ಲಿ ಮಲಗುವುದೂ ಇದೇ ಅಪಾಯಕ್ಕೆ ದಾರಿ.

ಕೇದಾರಕ್ಕೆ ಹೋಗುವವರಿಗೆ

ಊಟಿ ನೋಡಿ ಬಂದ ಕುಟುಂಬಗಳು ಈಗೀಗ ಕೇದಾರನಾಥಕ್ಕೆ, ಅಮರನಾಥಕ್ಕೆ, ಲೇಹ್‌ಗೆ ಹೊರಡುತ್ತಿವೆ. ಅಲ್ಲಿ ಮಾತು ತಿರುಗುಮುರುಗು. ಕೇದಾರನಾಥ 3,583 ಮೀಟರ್, ಅಮರನಾಥ 3,888 ಮೀಟರ್, ಲೇಹ್ ಸುಮಾರು 3,500 ಮೀಟರ್. ಅಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಸಿದ್ಧವಾಗುವವರೆಗೆ ಅದನ್ನು ಪರ್ವತ ಕಾಯಿಲೆಯೆಂದೇ ಹಿಡಿಯಬೇಕು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲಿನ ನಮ್ಮ ಸೈನಿಕರನ್ನು ದಿಢೀರನೆ ಹಿಮಾಲಯಕ್ಕೆ ಏರಿಸಬೇಕಾಯಿತು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಕಾಯಿಲೆಬಿದ್ದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಈ ಕಾಯಿಲೆಯನ್ನು ಕುರಿತು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಅಧ್ಯಯನವದು. ಆ ಸೈನಿಕರು ಗಟ್ಟಿಮುಟ್ಟಾದ ಯುವಕರು. ದೇಹಬಲ ಈ ಕಾಯಿಲೆಗೆ ತಡೆಯಲ್ಲ. ನಿಧಾನವಾಗಿ ಏರುವುದೊಂದೇ ತಡೆ.

ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೇದಾರಕ್ಕೆ ಏರಿದವರಿಗೆ, ಬೆಂಗಳೂರಿನಿಂದ ವಿಮಾನ ಹಿಡಿದು ಅದೇ ದಿನ ಲೇಹ್‌ನಲ್ಲಿ ಇಳಿದವರಿಗೆ ದೇಹ ಹೊಂದಿಕೊಳ್ಳಲು ಹೊತ್ತೇ ಸಿಕ್ಕಿರುವುದಿಲ್ಲ. ಲೇಹ್‌ನಲ್ಲಿ ಮೊದಲ ಒಂದೆರಡು ದಿನ ಪೂರ್ತಿ ವಿಶ್ರಾಂತಿ ಪಡೆಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿನ ಜೊತೆ ನೆಟ್ಟಗೆ ನಡೆಯಲಾಗದೆ ಓಲಾಡಿದರೆ, ಮಾತು ತೊದಲಿದರೆ ಮಿದುಳಿಗೆ ನೀರು ಸೇರುತ್ತಿದೆ ಎಂದರ್ಥ. ಕುಳಿತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿದೆ. ಎರಡಕ್ಕೂ ಚಿಕಿತ್ಸೆಯ ಮೊದಲ ಹೆಜ್ಜೆ ಕೂಡಲೇ ಕೆಳಗಿಳಿಯುವುದು, ರಾತ್ರಿಯಾಗಿದ್ದರೂ ಸರಿ. "ಇಷ್ಟು ದೂರ ಬಂದು ದರ್ಶನ ಮಾಡದೆ ಹೋಗುವುದೆ?" ಎಂಬ ಮಾತಿಗೆ ಆಗ ಕಿವಿಗೊಡಬಾರದು. ಅಸೆಟಜೋಲಮೈಡ್ ಎಂಬ ಮಾತ್ರೆ ಮುನ್ನೆಚ್ಚರಿಕೆಗೆ ಒದಗುತ್ತದೆ. ಸಲ್ಫಾ ಔಷಧಿ ಒಗ್ಗದವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ಅದು ಆಗದಿರಬಹುದು. ಆದ್ದರಿಂದ ಅಂಗಡಿಯಲ್ಲಿ ನೇರವಾಗಿ ಕೊಳ್ಳದೆ ವೈದ್ಯರ ಚೀಟಿ ಪಡೆಯಿರಿ.

ಇಳಿಯುವಾಗ

ಊಟಿಗೆ ಮರಳೋಣ. ಬೆಟ್ಟದಲ್ಲಿ ಚಳಿಯಿದ್ದರೂ ಬಿಸಿಲು ಚುರುಕು. ಎತ್ತರ ಏರಿದಂತೆ ಅತಿನೇರಳೆ ಕಿರಣಗಳು ಹೆಚ್ಚುತ್ತವೆ. ಸಂಜೆ ಮಕ್ಕಳ ಕೆನ್ನೆ, ಮೂಗು ಕೆಂಪಗೆ ಉರಿಯುತ್ತಿದ್ದರೆ ಅದು ಚಳಿಗಲ್ಲ, ಬಿಸಿಲಿಗೆ. ಅಂಚಿರುವ ಟೋಪಿ ಸಾಕು.

ಕಿವಿ ಹೆಚ್ಚು ನೋಯುವುದು ಇಳಿಯುವಾಗ. ಹೊರಗಿನ ಒತ್ತಡ ಏರುತ್ತಿದ್ದಂತೆ ಗಂಟಲಿನಿಂದ ಕಿವಿಗೆ ಹೋಗುವ ನಳಿಗೆ ತೆರೆದುಕೊಳ್ಳಬೇಕು. ನೆಗಡಿಯಿಂದ ಅದು ಕಟ್ಟಿಕೊಂಡಿದ್ದರೆ ಕರ್ಣಪಟಲ ಒಳಕ್ಕೆ ಎಳೆದುಕೊಂಡು ನೋವಾಗುತ್ತದೆ. ದೊಡ್ಡವರು ಎಂಜಲು ನುಂಗುತ್ತ, ಆಕಳಿಸುತ್ತ, ಕಡಲೆಬೀಜ ಅಗಿಯುತ್ತ ಇಳಿಯಬಹುದು. ಕೂಸಿಗೆ ಘಾಟಿ ಇಳಿಯುವ ಹೊತ್ತಿಗೆ ಎದೆಹಾಲು ಕುಡಿಸಿದರೆ ಸರಿಹೋಗುತ್ತದೆ. ತಿರುವುಗಳ ಸಾಲಿನಲ್ಲಿ ಆಗಾಗ ವಾಹನ ನಿಲ್ಲಿಸಿ ಕುಡಿಸಿದರೆ ತಾಯಿಗೂ ಅನುಕೂಲ.

ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಲಾಗುತ್ತಿದೆ. ಆಂಬುಲೆನ್ಸಿಗೆ ಅಡ್ಡಿಯಿಲ್ಲ. ಆ ಗಡುವು ಹಿಡಿಯುವ ಆತುರದಲ್ಲಿ ದಣಿದ ಚಾಲಕ ಘಾಟಿಯನ್ನು ಓಡಿಸಿಕೊಂಡು ಇಳಿಯುವುದು ಬೇಡ. ಸಂಜೆ ನಾಲ್ಕಕ್ಕೇ ಊಟಿ ಬಿಡಿ.

ಮನೆ ಸೇರಿದ ಮೇಲೆ ಒಂದು ದಿನ ಕಳೆದರೂ ಮಗುವಿನ ಕಿವಿನೋವು ಇಳಿಯದಿದ್ದರೆ, ಕಿವಿ ಸೋರಿದರೆ ವೈದ್ಯರಿಗೆ ತೋರಿಸಿ. ಅಜ್ಜಿಯನ್ನೂ ಗಮನಿಸಿ. ಬೆಟ್ಟದಲ್ಲಿ ಶುರುವಾದ ಏದುಸಿರು ಭೀಮನಬೀಡಿನ ಜಗುಲಿಯ ಮೇಲೂ ಉಳಿದಿದ್ದರೆ, ಕಾಲು ಊದಿದ್ದರೆ, ರಾತ್ರಿ ಎರಡು ದಿಂಬು ಬೇಕೆನಿಸುತ್ತಿದ್ದರೆ ಮರುದಿನವೇ ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬೆಟ್ಟದಲ್ಲಿ ಎಷ್ಟು ಹೊತ್ತು ಉಸಿರು ಕಟ್ಟಿತ್ತು, ಜೊತೆಗೆ ಬೆವರು, ವಾಂತಿ ಇತ್ತೇ ಎಂಬುದನ್ನೂ ವೈದ್ಯರಿಗೆ ಹೇಳಿ.